ಮಾರದ ಹಾಡಿಗೆ ರಾಯಧನ ಯಾರಿಗೆ?

ಕೃತಕ ಬುದ್ಧಿಮತ್ತೆಯ (ಎಐ) ಕಂಪನಿಗಳು ಮುಂದೆ ಲೇಖಕರಿಗೂ ಕಲಾವಿದರಿಗೂ ರಾಯಧನ (ರಾಯಲ್ಟಿ) ಕೊಡಬೇಕಾದೀತು ಎಂಬ ಸುದ್ದಿ ಓದುಗರಲ್ಲಿ ಸಂತೋಷಕ್ಕಿಂತ ಗೊಂದಲವನ್ನೇ ಹೆಚ್ಚು ಹುಟ್ಟಿಸಿದೆ. ಪುಸ್ತಕ ಬರೆದವರಿಗೆ ಹಣ ಬರುವುದು ಸರಿ; ಆದರೆ ಫೇಸ್‌ಬುಕ್ಕಿನಲ್ಲಿ ಹಾಕಿದ ಚುಟುಕಕ್ಕೆ ಬರುತ್ತದೆಯೇ, ಯಾರೋ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸಿದ ಸೋಬಾನೆ ಪದಕ್ಕೆ ಬರುತ್ತದೆಯೇ, ಬಂದರೆ ಅದು ಹಾಡಿದವರಿಗೋ ಏರಿಸಿದವರಿಗೋ ಎಂಬ ಪ್ರಶ್ನೆಗಳು ಹಾಗೆಯೇ ಉಳಿದಿವೆ. ಚಿತ್ರದುರ್ಗದಂಥ ಜಿಲ್ಲೆಗೆ ಇವು ದೂರದ ಪ್ರಶ್ನೆಗಳಲ್ಲ. ಕಾಡುಗೊಲ್ಲರ ಕಥನಗೀತೆ, ಮಠಗಳ ವಚನಗಾಯನ, ಊರಹಬ್ಬದ ನಾಟಕ ಮುಂತಾಗಿ ಇಲ್ಲಿನ ಸೃಜನಶೀಲತೆಯ ದೊಡ್ಡ ಪಾಲು ಮಾರಾಟಕ್ಕೆಂದು ಹುಟ್ಟಿದ್ದಲ್ಲ. ಒಬ್ಬರು ಕೊಟ್ಟು ಇನ್ನೊಬ್ಬರು ಪಡೆದು ಉಳಿದುಬಂದದ್ದು. ಹಾಗೆ ಕೊಟ್ಟದ್ದಕ್ಕೆ ಈ ಹೊಸ ಲೆಕ್ಕದಲ್ಲಿ ಜಾಗವಿದೆಯೇ ಎಂದು ನೋಡಬೇಕಾಗಿದೆ.

ಪ್ರಸ್ತಾವದಲ್ಲಿ ಏನಿದೆ

ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯು 2025ರ ಡಿಸೆಂಬರ್‌ನಲ್ಲಿ ಎಐ ಮತ್ತು ಕೃತಿಸ್ವಾಮ್ಯದ (ಕಾಪಿರೈಟ್) ಬಗ್ಗೆ ಒಂದು ಕಾರ್ಯಪತ್ರದ ಮೊದಲ ಭಾಗವನ್ನು ಪ್ರಕಟಿಸಿತು. ಅದರ ಪ್ರಕಾರ, ಕಾನೂನುಬದ್ಧವಾಗಿ ಕೈಗೆ ಸಿಗುವ ಯಾವುದೇ ಕೃತಿಯನ್ನು ಕಂಪನಿಗಳು ಎಐ ತರಬೇತಿಗೆ, ಎಂದರೆ ಯಂತ್ರಕ್ಕೆ ಕಲಿಸುವುದಕ್ಕೆ, ಬಳಸಬಹುದು. ಕೃತಿಕಾರರ ಒಪ್ಪಿಗೆ ಕೇಳಬೇಕಾಗಿಲ್ಲ, ಅವರು ಬೇಡವೆನ್ನುವಂತೆಯೂ ಇಲ್ಲ; ಇದು ಕಡ್ಡಾಯ ಪರವಾನಗಿ. ಪ್ರತಿಯಾಗಿ ಕಂಪನಿಯು ತನ್ನ ಆದಾಯದ ಒಂದು ಪಾಲನ್ನು ರಾಯಧನವಾಗಿ ಕಟ್ಟಬೇಕು. ದರವನ್ನು ಸರ್ಕಾರ ನೇಮಿಸುವ ಸಮಿತಿ ಗೊತ್ತುಮಾಡುತ್ತದೆ, ಹಣವನ್ನು ಹಕ್ಕುದಾರರ ಸಂಘಗಳನ್ನು ಒಳಗೊಂಡ ಒಂದೇ ಕೇಂದ್ರ ಸಂಸ್ಥೆ ವಸೂಲು ಮಾಡಿ ಹಂಚುತ್ತದೆ. ಇದು ಇನ್ನೂ ಪ್ರಸ್ತಾವ. ಕಾನೂನಾಗಬೇಕಾದರೆ 1957ರ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಬೇಕು.

ಒಪ್ಪಿಗೆ ಕೇಳದೆ ಬಳಸಿ ಹಣ ಕಟ್ಟುವ ಪದ್ಧತಿ ನಮ್ಮಲ್ಲಿ ಹೊಚ್ಚ ಹೊಸದೇನೂ ಅಲ್ಲ. 2012ರ ತಿದ್ದುಪಡಿಯು ಪ್ರಸಾರ ಸಂಸ್ಥೆಗಳಿಗೆ ಇಂಥದೇ ಶಾಸನಬದ್ಧ ಪರವಾನಗಿಗೆ ದಾರಿ ಮಾಡಿಕೊಟ್ಟಿತ್ತು. ಆದರೆ ರೇಡಿಯೊ ಒಂದು ಹಾಡನ್ನು ಹಾಕಿದಾಗ ಯಾವ ಹಾಡು, ಎಷ್ಟು ಸಲ ಎಂಬ ಲೆಕ್ಕ ಸಿಗುತ್ತದೆ. ಹೀಗೆ ಕಲಿತು ಸಿದ್ಧವಾದ ಯಂತ್ರದ, ಎಂದರೆ ಎಐ ಮಾದರಿಯ ಒಳಗೆ ಕೋಟ್ಯಂತರ ಬರಹಗಳು ಕರಗಿ ಸೇರಿರುತ್ತವೆ. ಹೊರಬಂದ ಒಂದು ವಾಕ್ಯದಲ್ಲಿ ಯಾರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಸಾಧ್ಯವಿಲ್ಲ. ಹಾಗಾಗಿ ಹಂಚಿಕೆಯು ಬಳಕೆಯ ಲೆಕ್ಕಕ್ಕಿಂತ ಹೆಚ್ಚಾಗಿ ಹಕ್ಕಿನ ದಾಖಲೆಯನ್ನು ಅವಲಂಬಿಸುತ್ತದೆ. ಮುಂದಿನ ತೊಡಕುಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಯಾರ ವಾದ ಏನು

ಮಾಹಿತಿ ತಂತ್ರಜ್ಞಾನ ಉದ್ಯಮದ ಪ್ರತಿನಿಧಿಯಾದ ನಾಸ್ಕಾಮ್ ಈ ಪ್ರಸ್ತಾವಕ್ಕೆ ಭಿನ್ನಮತ ದಾಖಲಿಸಿದೆ. ಓದಿ ಕಲಿಯುವುದಕ್ಕೆ ಶುಲ್ಕ ಹಾಕಿದರೆ ಹೊಸ ಕಂಪನಿಗಳು ತಲೆಯೆತ್ತಲಾರವು ಎಂಬುದು ಉದ್ಯಮದ ಆತಂಕ. ಜಪಾನ್ 2018ರಲ್ಲೇ ಕಾಯ್ದೆ ತಿದ್ದಿ ಇಂಥ ಬಳಕೆಗೆ ವಿಶಾಲ ವಿನಾಯಿತಿ ಕೊಟ್ಟಿದೆ ಎಂಬುದು ಅವರಿಗೆ ಒದಗುವ ಆಧಾರ. ಹಕ್ಕುದಾರರ ಕಡೆಯವರಿಗೆ ಹಣಕ್ಕಿಂತ ಮೊದಲು ಬೇಕಾದದ್ದು ಬೇಡವೆನ್ನುವ ಅಧಿಕಾರ. ಯುರೋಪ್ ಒಕ್ಕೂಟದ 2019ರ ನಿರ್ದೇಶನದಲ್ಲಿ ಅದು ಒಂದು ಮಟ್ಟಿಗೆ ಇದೆ. ನಮ್ಮಲ್ಲಿ ಎಎನ್‌ಐ ಸುದ್ದಿಸಂಸ್ಥೆ ಚಾಟ್‌ಜಿಪಿಟಿಯ ಕಂಪನಿಯಾದ ಓಪನ್‌ಎಐ ವಿರುದ್ಧ 2024ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟಿಗೆ ಹೋದದ್ದೂ ಒಪ್ಪಿಗೆಯಿಲ್ಲದ ಬಳಕೆಯ ವಿಚಾರಕ್ಕೇ. ಸರ್ಕಾರದ ಪತ್ರ ಇಬ್ಬರ ನಡುವೆ ದಾರಿ ಹುಡುಕುತ್ತದೆ: ಬಳಕೆಗೆ ತಡೆಯಿಲ್ಲ, ಆದರೆ ಬಿಟ್ಟಿಯೂ ಅಲ್ಲ.

ಮೇಲುನೋಟಕ್ಕೆ ಇದು ನ್ಯಾಯವಾದ ನಡುದಾರಿಯೇ. ಕೊರತೆಯಿರುವುದು ಬೇರೊಂದು ಕಡೆ. ಈ ವಾದಗಳೆಲ್ಲವೂ ಕೃತಿಗೆ ಒಬ್ಬ ಒಡೆಯ ಇದ್ದಾನೆ ಎಂದು ಹಿಡಿದುಕೊಂಡೇ ಹೊರಡುತ್ತವೆ. ಒಡೆಯನಿಲ್ಲದ್ದು ಯಾರಿಗೂ ಸೇರದ ಬಯಲು ಎಂದುಕೊಳ್ಳುತ್ತವೆ. ಒಡೆತನವೂ ಅಲ್ಲದ, ಬಯಲೂ ಅಲ್ಲದ, ಕೊಟ್ಟದ್ದು ಎಂಬ ಮೂರನೆಯ ಬಗೆಯನ್ನು ಇವುಗಳಲ್ಲಿ ಯಾವುದೂ ಎಣಿಸಿಲ್ಲ.

ಅಮೆರಿಕದಲ್ಲಿ ಆಗಿರುವುದನ್ನು ನೋಡಿದರೆ ಇದರ ಪರಿಣಾಮ ತಿಳಿಯುತ್ತದೆ. ಅಲ್ಲಿ ತಮ್ಮ ಪುಸ್ತಕಗಳ ಬಳಕೆಯ ವಿರುದ್ಧ ಲೇಖಕರು ಹೂಡಿದ ಮೊಕದ್ದಮೆಯೊಂದರಲ್ಲಿ ಆಂಥ್ರೊಪಿಕ್ ಎಂಬ ಎಐ ಕಂಪನಿಯು 2025ರಲ್ಲಿ 150 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಪುಸ್ತಕವೊಂದಕ್ಕೆ ಸುಮಾರು 3,000 ಡಾಲರ್ ಬೀಳುತ್ತದೆ. ಆದರೆ ಅದು ಅಮೆರಿಕದ ಕೃತಿಸ್ವಾಮ್ಯ ಕಚೇರಿಯಲ್ಲಿ ನಿಗದಿತ ಅವಧಿಯೊಳಗೆ ನೋಂದಣಿಯಾದ ಪುಸ್ತಕಗಳಿಗೆ ಮಾತ್ರ. ಹಣ ಹರಿದದ್ದು ಕಾಗದ ಇದ್ದವರ ಕಡೆಗೆ.

ಸಿರಿಯಜ್ಜಿಯಂಥವರ ಹಾಡಿನ ಲೆಕ್ಕ

ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯಲ್ಲಿ ಬಾಳಿದ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲೇ ಹೊತ್ತಿದ್ದ ಹಾಡುಗಾರ್ತಿ. ಅಕ್ಷರ ಕಲಿಯದ ಅವರು ಹಾಡಿದ್ದನ್ನು ವಿದ್ವಾಂಸರು ಕೇಳಿ ಬರೆದುಕೊಂಡದ್ದರಿಂದ ಕಾಡುಗೊಲ್ಲರ ಸಾಹಿತ್ಯದ ಒಂದು ಭಾಗ ಪುಸ್ತಕಗಳಿಗೆ ಬಂತು. ಜುಂಜಪ್ಪ, ಎತ್ತಪ್ಪರಂಥ ಸಾಂಸ್ಕೃತಿಕ ವೀರರ ಕಥೆಗಳು ಈ ಹಟ್ಟಿಗಳಲ್ಲಿ ಉಳಿದಿರುವುದೇ ಹಬ್ಬ, ಮದುವೆ, ಮೈನೆರೆದ ಶಾಸ್ತ್ರಗಳಲ್ಲಿ ಒಬ್ಬರು ಎತ್ತಿಕೊಟ್ಟ ಸಾಲನ್ನು ಇನ್ನೊಬ್ಬರು ಹಿಡಿದು ಮುಂದುವರಿಸುವುದರಿಂದ.

ಇಂಥ ಹಾಡುಗಾರ್ತಿಯೊಬ್ಬರ ಒಂದು ಪದ ಎಐ ತರಬೇತಿಗೆ ಹೋಯಿತು ಎಂದಿಟ್ಟುಕೊಂಡು ರಾಯಧನದ ದಾರಿಯನ್ನು ಹುಡುಕೋಣ. ಪದಕ್ಕೆ ಕರ್ತೃ ಯಾರೆಂದು ಗೊತ್ತಿಲ್ಲ. ಗೊತ್ತಿದ್ದರೂ ಕರ್ತೃ ತೀರಿದ 60 ವರ್ಷಗಳಿಗೆ ಹಕ್ಕು ಮುಗಿಯುತ್ತದೆ. ಆದ್ದರಿಂದ ಪದಕ್ಕೆ ರಾಯಧನವಿಲ್ಲ. ಅದನ್ನು ಸಂಗ್ರಹಿಸಿ, ಆಯ್ದು, ಟಿಪ್ಪಣಿ ಬರೆದು ಪ್ರಕಟಿಸಿದ ಪುಸ್ತಕಕ್ಕೆ ಹಕ್ಕಿದೆ. ಅದು ಸಂಪಾದಕರದು ಅಥವಾ ಪ್ರಕಾಶಕರದು. ಹಾಡನ್ನು ಧ್ವನಿಮುದ್ರಿಸಿದರೆ ಆ ಮುದ್ರಿಕೆಗೂ ಹಕ್ಕಿದೆ, ಅದು ಮುದ್ರಿಸಿದವರದು. ಹಾಡಿದವರಿಗೆ ಏನೂ ಇಲ್ಲವೆಂದಲ್ಲ. ನಮ್ಮ ಕಾಯ್ದೆ ಪ್ರದರ್ಶಕರ ಹಕ್ಕನ್ನು ಒಪ್ಪುತ್ತದೆ. ಗಾಯಕ, ನಟ, ದೊಂಬರಾಟದವನಿಂದ ಹಿಡಿದು ಹಾವಾಡಿಗನವರೆಗೆ ಎಲ್ಲರನ್ನೂ ಆ ಪಟ್ಟಿಯಲ್ಲಿ ಹೆಸರಿಸುತ್ತದೆ, 50 ವರ್ಷಗಳ ಅವಧಿಯನ್ನೂ ಕೊಡುತ್ತದೆ. ಆದರೆ ಹಟ್ಟಿಯ ಅಂಗಳದಲ್ಲಿ ಕೂತು ಹಾಡಿದವರ ಕೈಯಲ್ಲಿ ಯಾವ ದಿನ, ಯಾರ ಮುಂದೆ, ಯಾವ ಷರತ್ತಿಗೆ ಹಾಡಿದೆ ಎಂಬ ಚೀಟಿ ಇರುವುದಿಲ್ಲ. ಚೀಟಿ ಇಲ್ಲದ ಹಕ್ಕು ಹಂಚಿಕೆಯ ಹೊತ್ತಿಗೆ ಇಲ್ಲದಂತೆಯೇ.

ಇದರಲ್ಲಿ ಸಂಗ್ರಾಹಕರ ತಪ್ಪನ್ನು ಹುಡುಕಬೇಕಾಗಿಲ್ಲ. ಬಹುಪಾಲು ಸಂಗ್ರಾಹಕರು ಕೈಯಿಂದ ಖರ್ಚು ಮಾಡಿಕೊಂಡು ತಿರುಗಿದವರು, ಅವರು ಬರೆದುಕೊಳ್ಳದಿದ್ದರೆ ಎಷ್ಟೋ ಹಾಡುಗಳು ಹಾಡಿದವರೊಂದಿಗೇ ಹೋಗುತ್ತಿದ್ದವು. ಅವರ ಶ್ರಮವೂ ಒಂದು ಕೊಡುಗೆಯೇ. ಕೊಡುಗೆಗಳ ಸಾಲಿನಲ್ಲಿ ಕೊನೆಗೆ ಕಾಗದ ಮಾಡಿಸಿದವರು ಮಾತ್ರ ಕಾನೂನಿನ ಕಣ್ಣಿಗೆ ಬೀಳುತ್ತಾರೆ ಎಂಬುದಷ್ಟೇ ಇಲ್ಲಿನ ತಕರಾರು.

ಕೊಟ್ಟದ್ದಕ್ಕೂ ಋಣವಿದೆ

ಹಾಡನ್ನು ಮಾರಿಲ್ಲ ಎಂದ ಮೇಲೆ ಅದು ಎಲ್ಲರದೂ ಅಲ್ಲವೇ, ಯಾರು ಬಳಸಿಕೊಂಡರೇನು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಕೊಡುವುದನ್ನೂ ಎಸೆಯುವುದನ್ನೂ ಒಂದೇ ಎಂದು ಎಣಿಸುತ್ತದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹಲವು ಸಮಾಜಗಳ ಪದ್ಧತಿಗಳನ್ನು ಹೋಲಿಸಿ, ಉಡುಗೊರೆಯ ಹಿಂದೆ ಮೂರು ಕಟ್ಟುಪಾಡುಗಳಿವೆ ಎಂದು ತೋರಿಸಿದರು: ಕೊಡಬೇಕು, ಪಡೆಯಬೇಕು, ಮರಳಿಸಬೇಕು.

ದಾವಣಗೆರೆ, ಚಿತ್ರದುರ್ಗದ ಓದುಗರಿಗೆ ಇದಕ್ಕೆ ಫ್ರೆಂಚ್ ಪಂಡಿತರ ಸಾಕ್ಷಿ ಬೇಕಾಗಿಲ್ಲ, ಮದುವೆಯ ಮುಯ್ಯಿ ಸಾಕು. ಊಟದ ಪೆಂಡಾಲಿನ ಪಕ್ಕದಲ್ಲಿ ಮೇಜು ಹಾಕಿಕೊಂಡು ಕೂತವರು ಉದ್ದನೆಯ ನೋಟ್‌ಬುಕ್ಕಿನಲ್ಲಿ ಊರು, ಹೆಸರು, ಮೊತ್ತ ಬರೆದುಕೊಳ್ಳುತ್ತಾರೆ. ಆ ಪುಸ್ತಕ ಮನೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ಕೊಟ್ಟವರ ಮನೆಯಲ್ಲಿ ಮದುವೆ ಎದ್ದಾಗ ಅದನ್ನು ತೆಗೆದು ನೋಡಿ, ಅವರು ಬರೆಸಿದ್ದಕ್ಕೆ ಕಡಿಮೆಯಾಗದಂತೆ, ಕಾಲಕ್ಕೆ ತಕ್ಕಂತೆ ಒಂದಿಷ್ಟು ಸೇರಿಸಿ ಬರೆಸುತ್ತಾರೆ. ಪಡೆದ ಮರುದಿನವೇ ಅಷ್ಟನ್ನೂ ತಂದು ಮುಂದಿಟ್ಟರೆ ಅದು ಅವಮಾನ. ಎಂದೂ ಮರಳಿಸದಿದ್ದರೆ ನಂಟಸ್ತಿಕೆ ಮುಗಿಯಿತೆಂದು ಅರ್ಥ. ಇಲ್ಲಿ ಲೆಕ್ಕವಿದೆ, ಆದರೆ ಬೆಲೆ ಇಲ್ಲ. ಸಾಲ ತೀರಿದ ಮೇಲೆ ಕೊಟ್ಟವನಿಗೂ ಪಡೆದವನಿಗೂ ಸಂಬಂಧ ಮುಗಿಯುತ್ತದೆ. ಮುಯ್ಯಿಯಲ್ಲಿ ಒಂದು ಕಡೆ ಬಾಕಿ ಉಳಿದಿರುವುದರಿಂದಲೇ ಸಂಬಂಧ ನಡೆಯುತ್ತದೆ.

ಊರಹಬ್ಬದ ನಾಟಕವನ್ನು ಹತ್ತಿರದಿಂದ ನೋಡಿದರೆ ವ್ಯಾಪಾರ ಮತ್ತು ಉಡುಗೊರೆ ಎಷ್ಟು ಹೆಣೆದುಕೊಂಡಿವೆ ಎಂಬುದು ಕಾಣುತ್ತದೆ. ಪಾತ್ರ ಮಾಡುವ ಊರ ಹುಡುಗರು ಹಣ ಪಡೆಯುವುದಿಲ್ಲ, ತಾವೇ ವಂತಿಗೆ ಹಾಕುತ್ತಾರೆ. ದೊಡ್ಡ ಪಾತ್ರಕ್ಕೆ ದೊಡ್ಡ ವಂತಿಗೆ. ಅದೇ ಹಣದಲ್ಲಿ ಹಾರ್ಮೋನಿಯಂ ಮಾಸ್ತರರಿಗೆ, ಹೊರಗಿನಿಂದ ಬರುವ ನಟಿಯರಿಗೆ, ಸೀನರಿಯವರಿಗೆ ಮಾತಾಡಿದಷ್ಟು ಸಂಭಾವನೆ ಹೋಗುತ್ತದೆ. ನಡುರಾತ್ರಿಯಲ್ಲಿ ದೃಶ್ಯವನ್ನು ಅರ್ಧಕ್ಕೇ ನಿಲ್ಲಿಸಿ, ಇಂಥವರ ಮಗ ಇಂಥವರು ದುರ್ಯೋಧನನ ಪಾತ್ರಧಾರಿಗೆ ನೂರೊಂದು ರೂಪಾಯಿ ಕಾಣಿಕೆ ಕೊಟ್ಟಿದ್ದಾರೆ ಎಂದು ಮೈಕಿನಲ್ಲಿ ಕೂಗುತ್ತಾರೆ. ಅರ್ಥಶಾಸ್ತ್ರದ ಲೆಕ್ಕದಲ್ಲಿ ಆ ಹುಡುಗ ದುಡ್ಡು ಕೊಟ್ಟು ಸಂತೋಷ ಕೊಂಡ ಗ್ರಾಹಕ. ಊರಿನ ಲೆಕ್ಕದಲ್ಲಿ ಅವನು ಊರಿಗೆ ನಾಟಕ ಕೊಟ್ಟವನು. ಎರಡೂ ಲೆಕ್ಕ ಒಂದೇ ರಂಗದ ಮೇಲೆ, ಯಾರಿಗೂ ಗೊಂದಲವಾಗದಂತೆ ನಡೆಯುತ್ತವೆ.

ಮಾರುಕಟ್ಟೆ ಶತ್ರುವಲ್ಲ, ಉಡುಗೊರೆ ನಿರ್ಮಲವೂ ಅಲ್ಲ

ಆದ್ದರಿಂದ ಕಲೆಯನ್ನು ಪವಿತ್ರ, ಹಣವನ್ನು ಮೈಲಿಗೆ ಎಂದು ಬೇರೆ ಮಾಡುವ ವಾದಕ್ಕೆ ಬಲವಿಲ್ಲ. ದಾವಣಗೆರೆಯ ರಂಗಭೂಮಿಯ ಹೆಸರು ನಾಡಿನ ಉದ್ದಗಲಕ್ಕೆ ಹಬ್ಬಿದ್ದು ಟಿಕೆಟ್ಟಿನಿಂದ. ಚಿಂದೋಡಿ ಮನೆತನದ ಕೆಬಿಆರ್ ಡ್ರಾಮಾ ಕಂಪನಿ ಊರೂರಿನಲ್ಲಿ ಥಿಯೇಟರ್ ಕಟ್ಟಿ, ಟಿಕೆಟ್ ಹರಿದು, ಬಂದ ಹಣದಲ್ಲಿ ಕಲಾವಿದರ ಸಂಸಾರಗಳನ್ನು ಸಾಕಿತು. ಚಿಂದೋಡಿ ಲೀಲಾ ಅವರಿಗೆ ಪದ್ಮಶ್ರೀಯೂ ಬಂತು. ಅದಕ್ಕೆ ಎದುರಾಗಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಮಠದ ಆಶ್ರಯದ ಶಿವಸಂಚಾರ ತಂಡ 1997ರಿಂದ ಪ್ರತಿ ವರ್ಷ ಹೊಸ ನಾಟಕಗಳನ್ನು ಕಟ್ಟಿಕೊಂಡು ತಿರುಗುತ್ತಿದೆ. ಅಲ್ಲಿ ನಾಟಕದ ಬೆನ್ನಿಗಿರುವುದು ಭಕ್ತರ ಕಾಣಿಕೆ, ನೆರವು, ದಾಸೋಹದ ಸಂಪ್ರದಾಯ. ಒಂದು ಮಾರುಕಟ್ಟೆಯ ಮಾದರಿ, ಇನ್ನೊಂದು ಕೊಡುಗೆಯ ಮಾದರಿ. ಎರಡರಿಂದಲೂ ಒಳ್ಳೆಯ ನಟರು ಬಂದಿದ್ದಾರೆ.

ಉಡುಗೊರೆಯ ಹೆಸರಿನಲ್ಲಿ ನಡೆದ ಅನ್ಯಾಯವನ್ನೂ ಮರೆಯುವಂತಿಲ್ಲ. ಊರಿನ ಜಾತ್ರೆಗೆ ಹಲಗೆ ಬಾರಿಸುವುದು ಕೆಲವು ಜಾತಿಗಳ ಪಾಲಿಗೆ ಸೇವೆ ಎಂಬ ಹೆಸರಿನ ಬಿಟ್ಟಿ ಚಾಕರಿಯಾಗಿತ್ತು. ಬೇಡವೆಂದರೆ ದಂಡ, ಬಹಿಷ್ಕಾರದ ಭಯ. ಇಂತಿಷ್ಟು ಕೊಟ್ಟರೆ ಬಾರಿಸುತ್ತೇವೆ ಎಂದು ಹೇಳುವಂತಾದದ್ದು ಅವರಿಗೆ ಬಿಡುಗಡೆಯ ಮಾತು. ಅಲ್ಲಿ ಹಣವೇ ಮರ್ಯಾದೆ ತಂದಿತು. ಬೇಡವೆನ್ನಲು ಬಾರದ ಕಡೆ ಕೊಟ್ಟದ್ದು ಕೊಡುಗೆಯಾಗುವುದಿಲ್ಲ. ಈ ಮಾತನ್ನು ಕಾರ್ಯಪತ್ರದ ಕಡ್ಡಾಯ ಪರವಾನಗಿಗೂ ಹಚ್ಚಿ ನೋಡಬಹುದು: ಅಲ್ಲಿ ಹಣವಿದೆ, ಆದರೆ ಬೇಡವೆನ್ನುವ ಬಾಯಿಲ್ಲ. ಮಾರಾಟಕ್ಕೂ ಉಡುಗೊರೆಗೂ ಸಮಾನವಾದ ಮೊದಲ ಷರತ್ತು ಒಪ್ಪಿಗೆ. ಪ್ರಸ್ತಾವ ಕೈಬಿಟ್ಟಿರುವುದು ಅದನ್ನೇ.

ಸೀರೆಗೆ ಉಂಟು, ಹಾಡಿಗೆ ಇಲ್ಲ

ಸಮುದಾಯದ ಹಕ್ಕನ್ನು ಕಾನೂನು ಗುರುತಿಸುವುದು ಕಷ್ಟ ಎಂಬ ಸಮಜಾಯಿಷಿ ಆಗಾಗ ಕೇಳಿಬರುತ್ತದೆ. ಚಳ್ಳಕೆರೆಯ ಪಕ್ಕದ ತಾಲ್ಲೂಕನ್ನೇ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಆ ಹೆಸರು ಒಬ್ಬ ನೇಕಾರನ ಸ್ವತ್ತಲ್ಲ, ಆ ಪ್ರದೇಶದಲ್ಲಿ ಆ ರೀತಿಯಲ್ಲಿ ನೇಯುವವರೆಲ್ಲರದು. ಅದಕ್ಕೂ ಮಿತಿಯಿದೆ: ಅದು ಕಾಯುವುದು ಹೆಸರನ್ನು, ಅಂಚಿನ ವಿನ್ಯಾಸವನ್ನಲ್ಲ, ಹೆಸರು ಬಳಸದೆ ಪವರ್‌ಲೂಮಿನಲ್ಲಿ ಅದೇ ಬಗೆಯ ಅಂಚನ್ನು ನೇಯುವವರನ್ನು ತಡೆಯುವುದು ಸುಲಭವಲ್ಲ. ಆದರೂ ಒಂದು ಸಮೂಹ ಹಕ್ಕುದಾರನಾಗಬಹುದು ಎಂಬುದನ್ನು ಕಾನೂನು ಒಪ್ಪಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೂ ಗಿಡಮೂಲಿಕೆಯ ತಿಳಿವಳಿಕೆಯನ್ನು ಕಾಪಾಡಿಕೊಂಡು ಬಂದ ಸಮುದಾಯಕ್ಕೆ, ಅದರಿಂದ ಲಾಭ ಮಾಡಿಕೊಳ್ಳುವ ಕಂಪನಿ ಪಾಲು ಕೊಡಬೇಕು ಎನ್ನುತ್ತದೆ. ಸೀರೆಗೂ ಸೊಪ್ಪಿಗೂ ಸಾಧ್ಯವಾದದ್ದು ಹಾಡಿಗೆ ಮಾತ್ರ ಅಸಾಧ್ಯವೆನ್ನಲು ಕಾರಣ ಕಾಣುವುದಿಲ್ಲ.

ಕೊಡುಗೆಯನ್ನು ಕೊಡುಗೆಯಾಗಿಯೇ ಉಳಿಸುವುದೂ ನಮ್ಮ ಕಾನೂನಿಗೆ ಹೊಸದಲ್ಲ. ಬ್ರಿಟನ್ನಿನ ಸಮಾಜ ಚಿಂತಕ ರಿಚರ್ಡ್ ಟಿಟ್ಮಸ್ 1970ರಲ್ಲಿ, ಹಣಕ್ಕೆ ರಕ್ತ ಕೊಳ್ಳುವ ಪದ್ಧತಿಗಿಂತ ದಾನದ ರಕ್ತವೇ ಸುರಕ್ಷಿತ, ಬೆಲೆ ಕಟ್ಟಿದರೆ ದಾನದ ಮನಸ್ಸು ಕುಗ್ಗುತ್ತದೆ ಎಂದು ವಾದಿಸಿದ್ದರು. ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ ಅದರ ಎರಡನೆಯ ಭಾಗವನ್ನು ಒಪ್ಪಲಿಲ್ಲ. ಮಾರುವ ಅವಕಾಶ ಇದ್ದ ಮಾತ್ರಕ್ಕೆ ಕೊಡುವವರು ಯಾಕೆ ಹಿಂಜರಿಯಬೇಕು ಎಂದು ಕೇಳಿದರು. ಆ ಚರ್ಚೆ ಇಂದಿಗೂ ಮುಗಿದಿಲ್ಲ. ಭಾರತದಲ್ಲಂತೂ ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ಹಣಕ್ಕೆ ರಕ್ತ ಕೊಡುವುದು ನಿಷಿದ್ಧವಾಯಿತು.

ಜಾರಿಯಾದರೆ ಏನಾಗಬಹುದು

ಈಗಿನ ರೂಪದಲ್ಲೇ ಪ್ರಸ್ತಾವ ಕಾನೂನಾದರೆ ಮೊದಲು ಲಾಭವಾಗುವುದು ದೊಡ್ಡ ಸಂಗೀತ ಕಂಪನಿ, ಪ್ರಕಾಶನ ಮತ್ತು ಸುದ್ದಿಸಂಸ್ಥೆಗಳಿಗೆ. ಅವರ ಬಳಿ ಪಟ್ಟಿಯಿದೆ, ಒಪ್ಪಂದಗಳಿವೆ, ವಕೀಲರಿದ್ದಾರೆ. ಸ್ವಂತ ಖರ್ಚಿನಲ್ಲಿ ಮುನ್ನೂರು ಪ್ರತಿ ಅಚ್ಚು ಹಾಕಿಸಿ ಸ್ನೇಹಿತರಿಗೆ ಹಂಚಿದ ಜಿಲ್ಲಾಮಟ್ಟದ ಕವಿಗೂ ತತ್ವದಲ್ಲಿ ಹಕ್ಕಿದೆ. ಅವನ ಪಾಲಿಗೆ ಬರುವ ಮೊತ್ತಕ್ಕಿಂತ ಅದನ್ನು ಪಡೆಯುವ ಓಡಾಟವೇ ದುಬಾರಿಯಾಗುವ ಸಂಭವ ಹೆಚ್ಚು.

ಎರಡನೆಯ ಪರಿಣಾಮ ನಿಧಾನವಾಗಿ ಕಾಣಿಸಿಕೊಳ್ಳುವಂಥದು, ಅದೇ ಹೆಚ್ಚು ಚಿಂತೆಯದು. ಅಂತರ್ಜಾಲದಲ್ಲಿ ಕನ್ನಡ ಎಂಬುದು ಇಷ್ಟಾದರೂ ಇರುವುದಕ್ಕೆ ಕೊಟ್ಟವರೇ ಕಾರಣ. ವಿಕಿಪೀಡಿಯದಲ್ಲಿ ಸಂಬಳವಿಲ್ಲದೆ ಬರೆಯುವವರು, ಹಳೆಯ ಪಠ್ಯಗಳನ್ನು ಕೂತು ಟೈಪು ಮಾಡಿದವರು, ವಚನಗಳನ್ನು ಮೊಬೈಲ್ ಆ್ಯಪಿನಲ್ಲಿ ಉಚಿತವಾಗಿ ಒದಗಿಸಿದ ಸಿರಿಗೆರೆಯ ತರಳಬಾಳು ಮಠದಂಥ ಸಂಸ್ಥೆಗಳು ಈ ಸಾಲಿನವು. ವಿಕಿಪೀಡಿಯದ ಬರಹಕ್ಕೂ ಷರತ್ತಿದೆ: ಬಳಸಿದವರು ಮೂಲವನ್ನು ಹೆಸರಿಸಬೇಕು, ಅದರಿಂದ ಕಟ್ಟಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ಮುಯ್ಯಿಯ ಮರಳಿಸುವ ನಿಯಮ ಇಲ್ಲಿ ಪರವಾನಗಿಯ ಭಾಷೆಯಲ್ಲಿದೆ. ಕಡ್ಡಾಯ ಪರವಾನಗಿ ಬಂದರೆ ಹಣ ಕಟ್ಟಿದ ಕಂಪನಿಗೆ ಆ ಷರತ್ತು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ಅನ್ವಯಿಸದು ಎಂದಾದರೆ, ತಾವು ಬಿಟ್ಟಿ ಕೊಟ್ಟದ್ದು ಇನ್ನೊಬ್ಬರ ಚಂದಾ ವ್ಯಾಪಾರದ ಸರಕಾಗುವುದನ್ನು ಕಂಡ ಕೆಲವರು ಕೈಬಿಡುತ್ತಾರೆ, ಕೆಲವರು ಬಾಗಿಲು ಹಾಕಿಕೊಂಡು ಸದಸ್ಯರಿಗೆ ಮಾತ್ರ ಎಂದು ಬರೆಯುತ್ತಾರೆ. ಇದರ ನಷ್ಟ ಎಐಗೂ ಉಂಟು, ಕನ್ನಡದ ಓದುಗರಿಗೂ ಉಂಟು.

ಹಾಗೆಂದು ಕನ್ನಡವನ್ನು ಯಂತ್ರಗಳಿಂದ ದೂರವಿಡುವುದೂ ಜಾಣತನವಲ್ಲ. ಯಂತ್ರಕ್ಕೆ ಬಾರದ ಭಾಷೆಗೆ ಕಚೇರಿಯಲ್ಲೂ ಆಸ್ಪತ್ರೆಯಲ್ಲೂ ಮುಂದೆ ಜಾಗ ಕಿರಿದಾಗುತ್ತದೆ. ಕೇಂದ್ರದ ಭಾಷಿಣಿ ಯೋಜನೆ ಈ ಕಾರಣಕ್ಕಾಗಿಯೇ ಭಾಷಾ ದಾನ ಎಂಬ ಕಾರ್ಯಕ್ರಮದಲ್ಲಿ ಜನರ ಧ್ವನಿಯನ್ನೂ ವಾಕ್ಯಗಳನ್ನೂ ಉಚಿತವಾಗಿ ಕೇಳುತ್ತಿದೆ. ಒಂದು ಕಡೆ ದಾನ ಕೇಳುವ ಸರ್ಕಾರ ಇನ್ನೊಂದು ಕಡೆ ಎಲ್ಲಕ್ಕೂ ದರ ನಿಗದಿ ಮಾಡಹೊರಟಿದೆ. ದಾನಕ್ಕೆ ಕೊಟ್ಟದ್ದು ಯಾವ ನಿಯಮಕ್ಕೆ ಒಳಪಡುತ್ತದೆ ಎಂಬುದನ್ನು ಎರಡೂ ಕಡೆಯವರು ಕೂತು ಸ್ಪಷ್ಟಪಡಿಸುವುದು ಅಗತ್ಯ.

ಮೂರನೆಯದು ಹೊಸ ಜಗಳಗಳು. ಸಾಂಪ್ರದಾಯಿಕ ಹಾಡನ್ನು ಮುದ್ರಿಸಿ ಏರಿಸಿದವರು, ಅದೇ ಹಾಡನ್ನು ಬೇರೆಯವರು ಹಾಡಿದಾಗ ಯೂಟ್ಯೂಬಿನಲ್ಲಿ ತಕರಾರು ಹಾಕುವುದು ಈಗಾಗಲೇ ಇದೆ. ರಾಯಧನದ ಆಸೆ ಸೇರಿದರೆ ನಾಳೆ ಒಂದೇ ಹಟ್ಟಿಯ ಎರಡು ಗುಂಪುಗಳು ಜುಂಜಪ್ಪನ ಕಥೆ ಯಾರದೆಂದು ಕೋರ್ಟಿಗೆ ಹೋಗುವುದು ಅಸಂಭವವೇನಲ್ಲ.

ಸಾಮೂಹಿಕ ನಿಧಿಯ ದಾರಿ

ಕರ್ತೃ ಇಲ್ಲದ, ಹಕ್ಕು ಮುಗಿದ, ಉಚಿತವಾಗಿ ಕೊಟ್ಟ ಕೃತಿಗಳೂ ಎಐ ಮಾದರಿಯ ಸಾಮರ್ಥ್ಯದಲ್ಲಿ ಪಾಲು ಹೊಂದಿವೆ ಎಂಬುದನ್ನು ಒಪ್ಪಿದರೆ, ವಸೂಲಾದ ಹಣದಲ್ಲಿ ಒಂದು ಭಾಗವನ್ನು ಯಾವ ವ್ಯಕ್ತಿಯ ಹೆಸರಿಗೂ ಹಂಚದೆ ಭಾಷಾವಾರು ಸಾಮೂಹಿಕ ನಿಧಿಯಾಗಿ ಇಡುವುದು ನ್ಯಾಯಕ್ಕೆ ಹತ್ತಿರವಾದ ವ್ಯವಸ್ಥೆ. ಅದು ಹಾಡುಗಾರರ ಮಾಸಾಶನಕ್ಕೆ, ಹಟ್ಟಿಗಳಲ್ಲಿ ಧ್ವನಿಮುದ್ರಣಕ್ಕೆ, ತಿರುಗುವ ನಾಟಕ ತಂಡಗಳಿಗೆ, ಉಚಿತ ಡಿಜಿಟಲ್ ಗ್ರಂಥಭಂಡಾರಗಳಿಗೆ ಹೋಗಲಿ. ನಿಧಿ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಸುಲಭದ್ದಲ್ಲ. ಅಕಾಡೆಮಿಗಳ ಅನುದಾನ ಹಂಚಿಕೆಯ ಸುತ್ತ ಏಳುವ ದೂರುಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಲ್ಲಿಯವರೆಗೆ ಜಿಲ್ಲೆಯಲ್ಲಿ ಧ್ವನಿಮುದ್ರಣಕ್ಕೆ ಹೋಗುವ ವಿದ್ಯಾರ್ಥಿಗಳೂ ಯೂಟ್ಯೂಬ್ ಚಾನೆಲ್‌ನವರೂ ವಿಶ್ವವಿದ್ಯಾಲಯಗಳೂ ತಮ್ಮ ಮಟ್ಟಿಗೆ ಮಾಡಬಹುದಾದ ಕೆಲಸವೊಂದಿದೆ. ಹಾಡಿದವರ ಹೆಸರು, ಹಟ್ಟಿ, ದಿನಾಂಕವನ್ನು ಬರೆದು, ಕನ್ನಡದಲ್ಲೇ ಓದಿ ಹೇಳಿ, ಒಪ್ಪಿಗೆ ಪಡೆದು, ಆ ಕಾಗದದ ಒಂದು ಪ್ರತಿಯನ್ನೂ ಮುದ್ರಿಕೆಯ ಒಂದು ಪ್ರತಿಯನ್ನೂ ಹಾಡಿದವರ ಮನೆಯಲ್ಲಿ ಬಿಟ್ಟು ಬರಬೇಕು. ಪ್ರದರ್ಶಕರ ಹಕ್ಕು ಹಾಡಿದವರದೇ ಎಂಬ ಒಂದು ಸಾಲು, ಎಐ ತರಬೇತಿಗೆ ಕೊಡಲು ಒಪ್ಪಿಗೆ ಇದೆಯೋ ಇಲ್ಲವೋ ಎಂಬ ಇನ್ನೊಂದು ಸಾಲು ಅದರಲ್ಲಿರಬೇಕು. ಇಲಾಖೆಯ ಕಾರ್ಯಪತ್ರದ ಎರಡನೆಯ ಭಾಗ ಎಐ ಹೊರಡಿಸುವ ಕೃತಿಗಳ ಹಕ್ಕಿನ ಬಗ್ಗೆ ಬರಬೇಕಾಗಿದೆ. ಕಾಡುಗೊಲ್ಲರ ಧಾಟಿಯಲ್ಲಿ ಯಂತ್ರ ಕಟ್ಟಿದ ಹಾಡು ಯಾರದು ಎಂಬ ಪ್ರಶ್ನೆ ಆಗ ಎದುರಾಗುತ್ತದೆ. ಅದಕ್ಕೆ ಉತ್ತರಿಸಬೇಕಾದವರಿಗೆ ಆ ಧಾಟಿ ಮೊದಲು ಎಲ್ಲಿತ್ತು, ಯಾರ ಬಾಯಲ್ಲಿತ್ತು ಎಂಬುದಕ್ಕೆ ಈ ಕಾಗದಗಳೇ ಸಾಕ್ಷಿಯಾಗುತ್ತವೆ.